ಬರೆದಂತೆ ಮಾಡುತ್ತಿದ್ದ ಮೇಡಂ

ನಾವು ಇಂಗ್ಲಿಷಿನಲ್ಲಿ ಏನು ಬರೆದು ಕೊಟ್ಟರೂ ನೀಲಾಂಬಿಕೆ ಮೇಡಂ ಅದನ್ನು ಹಾಗೆಯೇ ಮಾಡಿಬಿಡುತ್ತಿದ್ದರು. ಕೇಳುವುದಕ್ಕೆ ಇದು ತಮಾಷೆ ಅನ್ನಿಸಬಹುದು. ಆದರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ, ಆಸಿಡ್ ಬಾಟಲಿಗಳ ಸಾಲಿನ ಎದುರು, ನಮ್ಮ ಹರಕು ಇಂಗ್ಲಿಷಿನ ಹಾಳೆಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಮುಂದೆ ಚಾಚಿ ಅವರು ನಿಂತಾಗ ನಮ್ಮಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ಹಾಳೆ ಯಾರದೋ ಅವರ ಕುತ್ತಿಗೆ ಬೆವರುತ್ತಿತ್ತು. ಉಳಿದವರು ಗೊತ್ತಿಲ್ಲದಂತೆ ಗೋಡೆಯ ಕಡೆ ಸರಿಯುತ್ತಿದ್ದೆವು.

ಮೇಡಂ ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಬಿಎಸ್ಸಿಯವರಿಗೆ ಕೆಮಿಸ್ಟ್ರಿ ಕಲಿಸುತ್ತಿದ್ದರು. ಇಂಗ್ಲಿಷ್ ಕಲಿಸುವುದು ಅವರ ಕೆಲಸವಾಗಿರಲಿಲ್ಲ. ಅದಕ್ಕೆ ಬೇರೆ ಅಧ್ಯಾಪಕರಿದ್ದರು, ಪದ್ಯ ಪ್ರಬಂಧಗಳ ಪಠ್ಯವಿತ್ತು. ಆದರೆ ವಿಜ್ಞಾನ ಓದುವ ಮಕ್ಕಳು ತಾವೇ ಮಾಡಿದ ಪ್ರಯೋಗವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಲಾರರು, ಎದ್ದು ನಿಂತು ಹೇಳಲಾರರು ಎಂಬುದು ಅವರಿಗೆ ದೊಡ್ಡ ಚಿಂತೆಯಾಗಿತ್ತು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಲ್ಯಾಬಿನಲ್ಲೇ ಒಂದು ತರಗತಿ ಶುರುಮಾಡಿದ್ದರು. ಬೇಕಾದವರು ಬರಬಹುದು, ಹಾಜರಿ ಇಲ್ಲ, ಅಂಕವೂ ಇಲ್ಲ.

ಕುಳ್ಳಗಿನ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಅದರ ಮೇಲೆ ಮೊಣಕಾಲಿನವರೆಗೆ ಬರುವ ಬಿಳಿ ಕೋಟು. ಹಣೆಯಲ್ಲಿ ವಿಭೂತಿಯ ತೆಳುವಾದ ಗೆರೆ. ಹಳೇ ಪೇಟೆಯಲ್ಲಿ ದಲ್ಲಾಳಿ ಮಂಡಿ ಇಟ್ಟಿದ್ದ ಮನೆತನದವರು. ಮಂಡಿಯ ಜೋರು ಮಾತು ಮಾತ್ರ ಅವರಿಗೆ ಬಂದಿರಲಿಲ್ಲ. ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ ಕೊನೆಯ ಸಾಲಿನವರು ಉಸಿರು ಬಿಗಿಹಿಡಿದು ಕೇಳಬೇಕಿತ್ತು.

ನಾನು ಹೋದ ಮೊದಲ ಶನಿವಾರದ ಪಾಠ, ಸಲ್ಫ್ಯೂರಿಕ್ ಆಸಿಡ್ಡನ್ನು ತೆಳುಗೊಳಿಸುವುದು ಹೇಗೆ ಎಂದು ಬರೆಯುವುದು. ಆಸಿಡ್ಡನ್ನು ನಿಧಾನವಾಗಿ ನೀರಿಗೆ ಹಾಕಬೇಕು. ಆಸಿಡ್ಡಿಗೆ ನೀರು ಹಾಕಿದರೆ ಅದು ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಇದು ನಮಗೆಲ್ಲ ಗೊತ್ತಿತ್ತು. ಆದರೂ ನನ್ನ ಪಕ್ಕದಲ್ಲಿದ್ದ ಹುಡುಗಿ ಬೀಕರಿನಲ್ಲಿ ಆಸಿಡ್ ತೆಗೆದುಕೊಳ್ಳಿ, ಆಮೇಲೆ ನೀರು ಸೇರಿಸಿ ಎಂದು ಬರೆದಿದ್ದಳು. ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು. ಬೀಕರಿಗೆ ಒಂದಿಷ್ಟು ಆಸಿಡ್ ಬಗ್ಗಿಸಿದರು. ನೀರಿನ ಬಾಟಲಿ ಎತ್ತಿಕೊಂಡರು. ಅದರ ಮೂತಿಯನ್ನು ಬೀಕರಿನ ಮೇಲೆ ಬಗ್ಗಿಸಿ, ತಲೆಯೆತ್ತಿ ಆ ಹುಡುಗಿಯನ್ನೇ ನೋಡಿದರು.

"ಹಾಕ್ಲೇನವ್ವಾ?"

"ಬ್ಯಾಡ ಮೇಡಂ! ಬ್ಯಾಡ್ರಿ!" ಅವಳು ಕಿರುಚಿಬಿಟ್ಟಳು.

"ಯಾಕ? ನೀನೇ ಬರ್ದೀಯಲ್ಲ?"

"ನಾನು ಹಂಗಂದಿಲ್ರಿ ಮೇಡಂ, ನಾನು ಅಂದಿದ್ದು..."

"ನೀನು ಅಂದ್ಕಂಡಿದ್ದು ನಿನ್ನ ತಲೆಯಾಗೈತೆ. ನನ್ನ ಕೈಯಾಗಿರೋದು ಈ ಹಾಳೆ." ಬಾಟಲಿ ಕೆಳಗಿಟ್ಟರು. ಆಮೇಲೆ ಎಂದಿನ ಮೆಲುದನಿಯಲ್ಲಿ ನಮ್ಮೆಲ್ಲರಿಗೂ ಹೇಳಿದರು: "ಓದೋರು ಎಲ್ಲೋ ಇರ್ತಾರೆ ನೋಡ್ರಿ, ಒಬ್ರೇ ಇರ್ತಾರೆ. ಹಂಗಲ್ರಿ ಹಿಂಗೆ ಅಂತ ಹೇಳಾಕೆ ನೀವು ಅವರ ಪಕ್ಕ ಇರಂಗಿಲ್ಲ. ಹಾಳೆ ಏನ್ ಹೇಳ್ತೈತೋ ಅದನ್ನ ಮಾಡ್ತಾರೆ ಅವ್ರು."

ಆ ಹುಡುಗಿ ಮತ್ತೆ ಬರಲಿಲ್ಲ. ನಾನು ಹೋದೆ. ಯಾಕೆ ಹೋದೆನೋ ಈಗಲೂ ಸರಿಯಾಗಿ ಹೇಳಲಾರೆ. ಶನಿವಾರ ಬೆಳಿಗ್ಗೆ ನಮ್ಮೂರು ಕಡರನಾಯಕನಹಳ್ಳಿಯಿಂದ ಬಸ್ಸು ಹತ್ತುವಾಗಲೇ, ಇವತ್ತು ಕಾಲೇಜು ಬಿಟ್ಟ ಕೂಡಲೇ ಊರಿಗೆ ಹೊರಟುಬಿಡೋಣ ಅನ್ನಿಸುತ್ತಿತ್ತು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು ನಾನು. ಸಮೀಕರಣ ಕೊಟ್ಟರೆ ಬಿಡಿಸುತ್ತಿದ್ದೆ, ಲೆಕ್ಕ ಕೊಟ್ಟರೆ ಮಾಡುತ್ತಿದ್ದೆ. ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳು ಎಂದರೆ ಮಾತ್ರ ಬಾಯಿ ಒಣಗಿ ನಾಲಿಗೆ ಅಲ್ಲಾಡುತ್ತಿರಲಿಲ್ಲ.

ನನ್ನ ಸರದಿ ಬಂದದ್ದು ಬ್ಯುರೆಟ್ಟಿನಿಂದ. ಹನಿಹನಿಯಾಗಿ ದ್ರಾವಣ ಬಿಡುವ ಉದ್ದನೆಯ ಗಾಜಿನ ಕೊಳವೆ ಅದು. ಮೇಡಂ ನಮಗೆ ಬೆನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅದನ್ನು ಎಂದೂ ನೋಡದವರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ವರ್ಣಿಸು ಅಂದರು. ನಾನು ಎದ್ದೆ. ಬೆಂಚಿನ ಅಂಚು ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ "ಇಟ್ ಈಸ್ ಲಾಂಗ್" ಎಂದೆ.

"ಲಾಂಗ್ ಅಂದ್ರೆ ಹಾವೂ ಲಾಂಗ್ ಇರ್ತೈತೆ. ಹಿಡ್ಕಳ್ಲಾ?"

ಹುಡುಗರು ನಕ್ಕರು. ಮೇಡಂ ತಿರುಗಿ ನೋಡಿದರು, ನಗು ನಿಂತಿತು. "ಮತ್ತೆ ಈ ಇಟ್ ಅಂದ್ರೆ ಯಾರವ್ವಾ? ನಿಮ್ಮ ಚಿಕ್ಕಪ್ಪಾ? ವಸ್ತುವಿಗೆ ಹೆಸರಿಲ್ಲೇನು?"

ಇಟ್ ಎಂಬ ಪದದ ಮೇಲೆ ಅವರಿಗೆ ಹಗೆ. ವಾಕ್ಯದಲ್ಲಿ ಎರಡು ವಸ್ತುಗಳಿದ್ದು, ಯಾವುದೆಂದು ತಿಳಿಯದ ಹಾಗೆ ಇಟ್ ಬಂತೋ, ಪೆನ್ನಿನ ಮುಚ್ಚಳದಿಂದ ಮೇಜು ಕುಟ್ಟುತ್ತಿದ್ದರು. ಟಕ್ ಎಂಬ ಸದ್ದು ಎಲ್ಲಿ ಕೇಳಿದರೂ ಈಗಲೂ ಬೆಚ್ಚುತ್ತೇನೆ. ಆ ದಿನ ಎಷ್ಟೋ ಟಕ್‌ಗಳಾದ ಮೇಲೆ, ಬ್ಯುರೆಟ್ ಒಂದು ಗಾಜಿನ ಕೊಳವೆ, ಅದರ ಕೆಳತುದಿಯಲ್ಲಿ ತಿರುಗಿಸುವ ಬಿರಡೆ ಇದೆ, ಬಿರಡೆ ತಿರುಗಿಸಿದರೆ ದ್ರಾವಣ ಹನಿಯುತ್ತದೆ ಎಂಬಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಮೇಡಂ ಶಭಾಶ್ ಎನ್ನಲಿಲ್ಲ. "ಈಗ ಕಾಣಿಸ್ತು ನೋಡು ನನಗೆ" ಅಂದರು. ಬಸ್ಸಿನಲ್ಲಿ ಊರಿಗೆ ಬರುವಾಗ ಅದನ್ನೇ ನೆನೆಸಿಕೊಳ್ಳುತ್ತಾ ಬಂದೆ.

ಅನಾಹುತವಾದದ್ದು ಹಾಲೇಶನ ಹಾಳೆಯಿಂದ. ಹಾಲೇಶ ಮಾಯಕೊಂಡದ ಹುಡುಗ. ನಮ್ಮೆಲ್ಲರಿಗಿಂತ ಅಚ್ಚುಕಟ್ಟು, ನಮ್ಮೆಲ್ಲರಿಗಿಂತ ಪುಕ್ಕಲ. ಹೆಸರು ಕರೆದರೆ ಕೂತಲ್ಲೇ ಬೆಚ್ಚುತ್ತಿದ್ದ. ಅವತ್ತು ಕ್ರುಸಿಬಲ್ ಕಾಯಿಸಿ ತೂಗುವ ಪ್ರಯೋಗ. ಕ್ರುಸಿಬಲ್ ಎಂದರೆ ಪಿಂಗಾಣಿಯ ಪುಟ್ಟ ಬಟ್ಟಲು. ಮೇಡಂ ಬರುವುದು ತಡವಾಯಿತೆಂದು, ಅವರಿಗೆ ಕಾಯುವ ಕೆಲಸ ತಪ್ಪಲಿ ಎಂದು, ಹಾಲೇಶ ತಾನೇ ಬರ್ನರ್ ಹಚ್ಚಿ ಬಟ್ಟಲನ್ನು ಚೆನ್ನಾಗಿ ಕಾಯಿಸಿ, ಬರ್ನರ್ ಆರಿಸಿ, ಇಕ್ಕಳದಿಂದ ಇಳಿಸಿ ಮೇಜಿನ ಮೇಲಿದ್ದ ಹಂಚಿನ ಮೇಲೆ ಇಟ್ಟಿದ್ದ. ಹಾಳೆಯಲ್ಲಿ "ಕ್ರುಸಿಬಲ್ ಈಸ್ ಹೀಟ್" ಎಂದು ಬರೆದಿದ್ದ. ಕಾಯಿಸಿ ಆಗಿದೆ ಎಂಬುದು ಅವನ ಮನಸ್ಸಿನಲ್ಲಿತ್ತು. ಮೇಡಂ ಅದನ್ನು ಇನ್ನು ಕಾಯಿಸಬೇಕು ಎಂದು ಓದಿಕೊಂಡರು. ಕಾದ ಪಿಂಗಾಣಿಗೂ ತಣ್ಣಗಿನ ಪಿಂಗಾಣಿಗೂ ನೋಡಲು ಏನೂ ವ್ಯತ್ಯಾಸವಿಲ್ಲ. ಬರ್ನರಿನ ಮೇಲಿಡಲೆಂದು ಬಟ್ಟಲನ್ನು ಬೆರಳಿನಲ್ಲಿ ಎತ್ತಿದರು.

ಅವರು ಕೂಗಲಿಲ್ಲ. ಬಾಯಿಂದ ಗಾಳಿ ಒಳಗೆಳೆದುಕೊಂಡ ಸದ್ದಷ್ಟೇ ಬಂತು. ಬಟ್ಟಲು ಬಿದ್ದು ಒಡೆಯಿತು. ಸುಟ್ಟ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಯಾರೋ ನಲ್ಲಿ ತಿರುಗಿಸಿದರು. ಮೇಡಂ ನೀರಿನ ಕೆಳಗೆ ಕೈ ಹಿಡಿದು ನಿಂತರು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಬೆಳ್ಳಗಾಗಿದ್ದವು. ಮುಖವೂ ಅದೇ ಬಣ್ಣವಾಗಿತ್ತು.

"ಹಾಲೇಶ ಎಲ್ಲಿ?" ಎಂದು ಕೇಳಿದರು.

ಹಾಲೇಶ ಬಾಗಿಲು ದಾಟಿ ಓಡಿಹೋಗಿದ್ದ.

ಸೋಮವಾರ ಅವನು ಕಾಲೇಜಿಗೆ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಫೋನ್ ಸ್ವಿಚ್ ಆಫ್. ಹುಡುಗ ಏನಾದರೂ ಮಾಡಿಕೊಂಡಾನು ಎಂದು ಯಾರೋ ಪಿಸುಗುಟ್ಟಿದರು. ಆ ಮಾತು ಮೇಡಂ ಕಿವಿಗೂ ಬಿತ್ತು. ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಬಲಗೈ ಮಣಿಕಟ್ಟಿನವರೆಗೆ ಬಿಳಿ ಪಟ್ಟಿ. "ನಡಿ ರೇಣುಕಾ, ಮಾಯಕೊಂಡಕ್ಕೆ ಹೋಗಿ ಬರಾಣ" ಅಂದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತರು. ಎಡಗೈಯಿಂದ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಬಸ್ಸು ಖಾಲಿಯಿತ್ತು, ಅಷ್ಟು ಬಿಗಿಯಾಗಿ ಹಿಡಿಯುವಂಥ ಕುಲುಕಾಟವೂ ಇರಲಿಲ್ಲ.

ಹಾಲೇಶನ ಮನೆಯ ಮುಂದೆ ಮೆಕ್ಕೆಜೋಳ ಒಣಗಲು ಹಾಕಿದ್ದರು. ಅವನ ಅಪ್ಪ ಕಾಲಿನಿಂದ ಕಾಳು ಹರಡುತ್ತಿದ್ದವರು ನಮ್ಮನ್ನು ಕಂಡು ಅಲ್ಲೇ ನಿಂತರು. ಅವರ ಕಣ್ಣು ನೇರವಾಗಿ ಪಟ್ಟಿ ಕಟ್ಟಿದ ಕೈ ಮೇಲೆ ಬಿತ್ತು.

"ಕಾಲೇಜಿನ ಮೇಡಮ್ಮೋರೇನ್ರಿ?"

"ಹೌದ್ರಿ. ಹಾಲೇಶ ಅದಾನೇನ್ರಿ ಮನೆಯಾಗೆ?"

ಅವನ ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಮುದುಡಿದರು. "ಪೊಲೀಸ್ ಕೇಸೇನಾರ ಆಗೈತೇನ್ರಿ? ಹುಡುಗ ಅನ್ನ ಮುಟ್ಟವಲ್ಲ. ಕೇಳಿದ್ರೆ ಮೇಡಂ ಕೈ ಹೋತು, ಮೇಡಂ ಕೈ ಹೋತು ಅಂತಾನೆ. ದೊಡ್ಡೋರು ನೀವು. ಏನಿದ್ರೂ ನನಗೇ ಹೇಳ್ರಿ, ಅವನಿಗೆ ಏನೂ ಅನ್‌ಬ್ಯಾಡ್ರಿ."

"ಅಯ್ಯೋ, ಕೇಸಿಲ್ಲ ಏನಿಲ್ರಿ ಅಣ್ಣಾರೆ. ಕುಡಿಯಾಕೆ ಒಂದೀಟು ನೀರು ಕೊಡ್ಸ್ರಿ" ಎಂದು ಮೇಡಂ ಕಟ್ಟೆಯ ಮೇಲೆ ಕೂತರು.

ಹಾಲೇಶನ ತಾಯಿ ಚೊಂಬಿನಲ್ಲಿ ನೀರು ತಂದರು. ಮೇಡಂ ಮರೆತು ಬಲಗೈ ಚಾಚಿ, ಹಿಂದಕ್ಕೆ ತೆಗೆದು, ಎಡಗೈಯಲ್ಲಿ ಈಸಿಕೊಂಡರು. ಅದನ್ನು ನೋಡಿ ಆ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹಾಲೇಶ ಬಾಗಿಲಲ್ಲಿ ಬಂದು ನಿಂತ. ಕಣ್ಣು ಗುಳಿಬಿದ್ದಿದ್ದವು. ಮೇಡಂ ಪಟ್ಟಿ ಸಡಿಲಿಸಿ ಬೆರಳು ಹೊರಗೆ ತೆಗೆದು ತೋರಿಸಿದರು.

"ನೋಡಿಲ್ಲಿ, ಕೈ ಹೋಗಿಲ್ಲ. ಬೊಬ್ಬೆ ಬಂದೈತೆ, ಚರ್ಮ ಬರ್ತೈತೆ. ಕಾಯಿಸಿ ಆಗೈತೋ ಕಾಯಿಸ್‌ಬೇಕೋ ಅಂತ ನಾನಾರ ಕೇಳ್‌ಬೇಕಿತ್ತು. ಕೇಳಲಿಲ್ಲ."

"ನನಗೆ ಬ್ಯಾಡ್ರಿ ಮೇಡಂ ಇನ್ನು. ಪೆನ್ನು ಹಿಡಿದ್ರೆ ಹೆದರಿಕೆ ಆಗ್ತೈತ್ರಿ."

"ಆಗ್ಲಿ ಬಿಡು. ನಿನ್ನ ಹೆದರಿಕೆ ಬಿಡಿಸಾಕೆ ಬಂದಿಲ್ಲ ನಾನು. ಹೆದರಿಕೆ ಇರೋನು ಬರ್ದಿದ್ದನ್ನ ಇನ್ನೊಂದಪ ಓದಿ ನೋಡ್ತಾನೆ. ಆದ್ರೆ ಇಲ್ಲಿ ಮನೆಯಾಗೆ ಕುಂತು ಹೆದರಿದ್ರೆ ಯಾರಿಗೆ ಉಪಯೋಗ ಐತೋ? ಕ್ಲಾಸಿಗೆ ಬಂದು ಹೆದರ್ಕ."

ಅಪ್ಪ ಮೊದಲು ನಕ್ಕರು. ಆಮೇಲೆ ಹಾಲೇಶನೂ, ಅಳುತ್ತಲೇ, ಒಂದಿಷ್ಟು ನಕ್ಕ. ವಾಪಸು ಬರುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಮೇಡಂ ಕಣ್ಣು ಮುಚ್ಚಿ ಕೂತಿದ್ದರು. "ದಾರಿಯುದ್ದಕ್ಕೂ ಏನೇನೋ ನೆನೆಸ್ಕಂಡಿದ್ದೆ ರೇಣುಕಾ. ಮನೆ ಮುಂದೆ ಜನ ಸೇರಿರ್ತಾರೇನೋ ಅಂತ" ಅಂದರು.

ಸುದ್ದಿ ಪ್ರಿನ್ಸಿಪಾಲರವರೆಗೆ ಹೋಗಿತ್ತು. ಸುಟ್ಟದ್ದು ಹುಡುಗರ ಕೈಯಾಗಿದ್ದರೆ ತಂದೆತಾಯಿಗಳಿಗೆ ಏನು ಹೇಳುವುದಿತ್ತು ಎಂದು ಅವರು ಕೇಳಿದರಂತೆ. ಲ್ಯಾಬಿನ ಶನಿವಾರದ ತರಗತಿ ನಿಂತಿತು. ಮೇಡಂ ವಾದ ಮಾಡಲಿಲ್ಲ. "ಅವ್ರು ಹೆದ್ರಿದ್ದು ಸರಿನೇ ಐತೆ" ಅಂದರು. ಮರುವಾರದಿಂದ ದೇವರಾಜ ಅರಸು ಬಡಾವಣೆಯ ತಮ್ಮ ಮನೆಗೆ ಬರಹೇಳಿದರು. ಹಾಲೇಶನೂ ಬಂದ. ಮೊದಲ ದಿನ ಚಪ್ಪಲಿ ಬಿಟ್ಟ ಜಾಗದಲ್ಲೇ ಬಹಳ ಹೊತ್ತು ನಿಂತಿದ್ದ.

ಆ ಮನೆಯಲ್ಲಿದ್ದದ್ದು ಮೇಡಂ ಮತ್ತು ಅವರ ಅಕ್ಕ ಇಬ್ಬರೇ. ಗಿರಿಜಕ್ಕನಿಗೆ ಇಂಗ್ಲಿಷ್ ಬಾರದು. ನಾವು ಬಂದ ಕೂಡಲೇ ದೊಡ್ಡ ತಾಟಿನಲ್ಲಿ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಕರಿದು ಇಡುತ್ತಿದ್ದರು. ಒಂದು ಸಲ ನಾನು ಒಲೆಯ ಹತ್ತಿರ ನೆರವಿಗೆ ನಿಂತಾಗ ಅವರು ಹೊರಗೆ ಇಣುಕಿ ನೋಡಿ ದನಿ ತಗ್ಗಿಸಿದರು. "ಶನಿವಾರ ಬಂತಂದ್ರೆ ನಿಮ್ಮ ಮೇಡಂ ಬೆಳಿಗ್ಗೆಯಿಂದ ಒಂದು ತುತ್ತು ತಿನ್ನಂಗಿಲ್ಲ ನೋಡವ್ವ. ಬಚ್ಚಲಕ್ಕೂ ಹೊರಗೂ ತಿರುಗಾಡ್ತಿರ್ತಾಳೆ. ಕಾಲೇಜಿನಾಗೆ ಮಾಡ್ತಿದ್ದಾಗಿಂದ್ಲೂ ಹಿಂಗೇ. ಯಾಕೆ ಅಂದ್ರೆ, ಹುಡುಗ್ರು ಏನ್ ಬರ್ಕೊಂಡು ಬರ್ತಾರೋ ಗೊತ್ತಿಲ್ಲ, ನಾನು ಮಾಡ್‌ಬೇಕಲ್ಲಕ್ಕಾ ಅಂತಾಳೆ."

ನಾನು ಕೈಯಲ್ಲಿದ್ದ ಜಾಲರಿ ಸೌಟನ್ನು ಹಾಗೆಯೇ ಹಿಡಿದು ನಿಂತೆ. ನಾವು ಅವರಿಗೆ ಹೆದರುತ್ತಿದ್ದೆವು. ಅವರೂ ನಮಗೆ ಅಷ್ಟೇ ಹೆದರುತ್ತಿದ್ದರು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಮನೆಯಲ್ಲಿ ಆಸಿಡ್ ಇರಲಿಲ್ಲವಾದ್ದರಿಂದ ಮೇಡಂ ಮಾತಿನ ಪಾಠ ಹೆಚ್ಚಿಸಿದರು. ಅವರು ಫೋನ್ ಹಿಡಿದು ಮಹಡಿಗೆ ಹೋಗುತ್ತಿದ್ದರು. ನಮ್ಮಲ್ಲೊಬ್ಬರು ಅಡುಗೆಮನೆಯಲ್ಲಿ ನಿಂತು, ಒಲೆಯ ಮೇಲೆ ಏನಿದೆ, ಯಾವ ಪಾತ್ರೆ, ಎಷ್ಟು ನೀರು, ಉರಿ ಎಷ್ಟು ಎಂಬುದನ್ನು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕು. ಅವರು ಮೇಲೆ ಅದರ ಚಿತ್ರ ಬರೆಯುತ್ತಿದ್ದರು. ಕೆಳಗೆ ಬಂದು ಚಿತ್ರವನ್ನು ಒಲೆಯ ಪಕ್ಕ ಹಿಡಿದಾಗ ನಮ್ಮ ಇಂಗ್ಲಿಷಿನ ಬಂಡವಾಳ ಬಯಲಾಗುತ್ತಿತ್ತು. ಒಂದು ಸಲ ನನ್ನ ಮಾತು ಕೇಳಿ ಅವರು ಬರೆದ ಚಿತ್ರದಲ್ಲಿ ಉರಿ ಪಾತ್ರೆಯ ಒಳಗಿತ್ತು. ಗಿರಿಜಕ್ಕ ನಗುತ್ತಾ ಗೋಡೆಗೆ ಒರಗಿದರು. ಮೇಡಂ ನಗಲಿಲ್ಲ. "ಕಂಡಿದ್ದು ಮೊದ್ಲು ಹೇಳು. ನಿನಗೆ ಏನನ್ನಿಸ್ತೈತೋ ಅದು ಆಮ್ಯಾಲೆ. ಆ ಕಡೇಲಿರೋನು ಏನಾರ ಮಾಡು ಅಂದ್ರೆ, ಅವನು ಅಂದಿದ್ದನ್ನ ತಿರುಗಿ ಅವನಿಗೇ ಹೇಳು. ನಾಚ್ಕಬ್ಯಾಡ. ಬೈದ್ರೆ ಬೈಸ್ಕೊ."

ಓದು ಮುಗಿದ ಮೇಲೆ ಹರಿಹರದ ಹೊರಗೆ, ಬಣ್ಣಕ್ಕೆ ಬೆರೆಸುವ ರಾಳ ತಯಾರಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ತಯಾರಾದ ಮಾಲಿನ ಗುಣಮಟ್ಟ ಪರೀಕ್ಷಿಸುವ ಕೆಲಸ. ರಾಳ ಬೇಯುವುದು ಮುಚ್ಚಿದ ದೊಡ್ಡ ಉಕ್ಕಿನ ಪಾತ್ರೆಯಲ್ಲಿ. ಅದರ ಸುತ್ತ ಇನ್ನೊಂದು ಕವಚ, ಕವಚದೊಳಗೆ ತಣ್ಣೀರು ಹರಿದು ಪಾತ್ರೆಯ ಕಾವನ್ನು ಹಿಡಿತದಲ್ಲಿಡುತ್ತದೆ. ಕಾವು ಮಿತಿಮೀರಿದರೆ ಒಳಗಿನ ರಾಳ ತಾನಾಗಿಯೇ ಮತ್ತಷ್ಟು ಕಾಯುತ್ತಾ ಹೋಗುತ್ತದೆ. ಆಮೇಲೆ ಯಾರೂ ಹತ್ತಿರ ಹೋಗುವ ಹಾಗಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತು. ನಾನು ಸ್ಯಾಂಪಲ್ ತರಲು ಹೋಗಿದ್ದೆ. ಪಾತ್ರೆಯ ಬಳಿ ಹಳೇ ಆಪರೇಟರ್ ಮಂಜಣ್ಣ ಒಬ್ಬರೇ ಇದ್ದರು. ಹೊಸದಾಗಿ ಕೂರಿಸಿದ್ದ ಕಂಟ್ರೋಲ್ ಪ್ಯಾನಲ್ ಒಮ್ಮೆಲೇ ಕೂಗತೊಡಗಿತು. ಕಾವಿನ ಅಂಕಿ ಏರುತ್ತಿತ್ತು. ತಣ್ಣೀರಿನ ಕವಾಟ ತಾನಾಗಿ ತೆರೆದುಕೊಳ್ಳಬೇಕಿತ್ತು, ತೆರೆದುಕೊಳ್ಳಲಿಲ್ಲ. ಮಂಜಣ್ಣ ಕಿವಿಯಿಂದ ಫೋನ್ ತೆಗೆದರು. "ಇಂಜಿನಿಯರ್ರು ಬ್ಯಾಂಕಿಗೆ ಹೋಗ್ಯಾರಮ್ಮಾ, ಫೋನ್ ಎತ್ತವಲ್ರು. ಆ ಪ್ಯಾನಲ್ ಕಂಪನಿಯೋನಿಗೆ ಮಾಡು. ನಂಗೆ ಅವನ ಭಾಷೆ ಬರಂಗಿಲ್ಲ."

ಪ್ಯಾನಲ್ ಮೇಲೆ ಅಂಟಿಸಿದ್ದ ನಂಬರಿಗೆ ಮಾಡಿದೆ. ಎತ್ತಿದವರು ಚೆನ್ನೈ ಕಡೆಯವರು, ಇಂಗ್ಲಿಷ್ ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಭಾಷೆಯಿರಲಿಲ್ಲ. ನಾನು ಕಂಡದ್ದನ್ನು ಹೇಳುತ್ತಾ ಹೋದೆ. ಪಾತ್ರೆಯ ಕಾವು ಇಷ್ಟಿದೆ, ಏರುತ್ತಿದೆ. ತಣ್ಣೀರಿನ ಕವಾಟ ಮುಚ್ಚಿದೆ. ಕೈಯಿಂದ ತಿರುಗಿಸುವ ಚಕ್ರಗಳು ಎರಡಿವೆ, ಒಂದು ಮೇಲೆ, ಒಂದು ಪಾತ್ರೆಯ ತಳದಲ್ಲಿ. ಚಿಕ್ಕ ಚಿಕ್ಕ ವಾಕ್ಯಗಳು. ನನ್ನ ದನಿ ಬೇರೆ ಯಾರದೋ ಎನ್ನಿಸುತ್ತಿತ್ತು.

"ಓಪನ್ ಇಟ್ ಫುಲ್ಲಿ! ಫಾಸ್ಟ್!" ಎಂದರು ಅವರು.

ಮಂಜಣ್ಣನಿಗೆ ಓಪನ್ ಎಂಬುದು ತಿಳಿಯಿತು. ಬಗ್ಗಿ ತಳದ ಚಕ್ರಕ್ಕೆ ಕೈ ಹಾಕಿದರು.

"ತಡೀರಿ ಮಂಜಣ್ಣಾ!" ಎಂದು ಕೂಗಿ ಫೋನಿಗೆ ಕೇಳಿದೆ, ಇಟ್ ಎಂದರೆ ಯಾವುದು ಸರ್ ಎಂದು.

"ವಾಲ್ವ್ ಅಮ್ಮಾ, ವಾಲ್ವ್!" ಅವರಿಗೆ ರೇಗಿತು.

"ಎರಡು ವಾಲ್ವ್ ಇವೆ ಸರ್. ಮೇಲಿನದೋ ಕೆಳಗಿನದೋ ಹೇಳಿ." ಕಾವಿನ ಅಂಕಿ ಮತ್ತೆ ಏರಿತು. ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಅವರ ದನಿಯೇ ಬೇರೆಯಾಗಿತ್ತು. ಮೇಲಿನದು, ತಣ್ಣೀರು ಒಳಗೆ ಬರುವುದು. ತಳದ್ದನ್ನು ಯಾರೂ ಮುಟ್ಟಬಾರದು, ಮುಟ್ಟಲೇಬಾರದು. ಅವರು ಅಂದದ್ದನ್ನು ಅವರಿಗೇ ತಿರುಗಿ ಹೇಳಿದೆ. "ಯೆಸ್, ಯೆಸ್" ಎಂದರು. ಮಂಜಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಅವರು ಮೇಲಿನ ಚಕ್ರವನ್ನು ಮೈಭಾರ ಹಾಕಿ ತಿರುಗಿಸಿದರು. ಪೈಪಿನಲ್ಲಿ ನೀರು ನುಗ್ಗಿದ ಸದ್ದು ಕೇಳಿತು. ಅಂಕಿ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಇಳಿಯತೊಡಗಿತು.

ತಳದ ಕವಾಟ ತೆರೆದಿದ್ದರೆ ಕುದಿಯುವ ರಾಳ ಮಂಜಣ್ಣನ ಕಾಲ ಮೇಲೆ ಸುರಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ನೆಲದ ಮೇಲೆ ಕೂತು ತಮ್ಮ ಪಾದಗಳನ್ನೇ ನೋಡುತ್ತಿದ್ದರು. "ಇಷ್ಟು ವರ್ಷ ಮಾಡ್ದೋನು ನಾನು. ಅವನು ಓಪನ್ ಅಂದ ಕೂಡ್ಲೇ ತಲೇನೇ ಓಡ್ಲಿಲ್ಲ ನೋಡಮ್ಮ" ಅಂದರು.

ಗೇಟಿನ ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಮಂಜಣ್ಣಗೆ ಏನಾಗಿಲ್ಲ ಹೌದಿಲ್ಲೋ?" ಎಂದರು ಕೊನೆಗೆ.

"ಏನಾಗಿಲ್ಲ ಮೇಡಂ."

"ನಿನಗೆ ಹೆದರಿಕೆ ಆತಾ?"

"ಆಗ ಆಗ್ಲಿಲ್ರಿ. ಈಗ ಆಗ್ತೈತೆ. ಕಾಲು ನಿಲ್ತಿಲ್ಲ."

"ಎಲ್ಲಾರ ಕೂತ್ಕ. ನೀರು ಕುಡಿ. ಫೋನ್ ಇಡಬ್ಯಾಡ, ನಾನು ಇರ್ತೀನಿ." ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೆ. ಕಿವಿಯಲ್ಲಿ ಅವರ ಉಸಿರಾಟ ಕೇಳುತ್ತಿತ್ತು.

ಹೋದ ವರ್ಷ ಮೇಡಂಗೆ ಎದೆನೋವು ಬಂತು. ನಗರದ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದಾರೆಂದು ಗಿರಿಜಕ್ಕ ಫೋನ್ ಮಾಡಿದಾಗ ನಾನು ರಜೆ ಹಾಕಿ ಹೋದೆ. ಬೆಳಿಗ್ಗೆ ಆಪರೇಷನ್ ಎಂದಿದ್ದರು. ಹಿಂದಿನ ಸಂಜೆ ಹಾಸಿಗೆಯಲ್ಲಿ ಅವರು ಚಿಕ್ಕ ಹುಡುಗಿಯಂತೆ ಕಂಡರು. ವಿಭೂತಿ ಅಳಿಸಿಹೋಗಿತ್ತು.

"ಹೆದರಿಕೆ ಆಗ್ತೈತೆ ರೇಣುಕಾ" ಎಂದರು.

ಏನೂ ಆಗಲ್ಲ ಮೇಡಂ ಎನ್ನಬೇಕೆಂದು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಗೊತ್ತಿಲ್ಲದ್ದನ್ನು ಅವರ ಮುಂದೆ ಹೇಳಲಾಗಲಿಲ್ಲ. "ನಂಗೂ ಆಗ್ತೈತ್ರಿ" ಎಂದೆ. ಅವರ ತುಟಿ ಸ್ವಲ್ಪ ಸಡಿಲವಾಯಿತು. ತಲೆ ಬಾಚು ಎಂದರು. ತೆಳುವಾಗಿದ್ದ ಕೂದಲನ್ನು ಬಾಚಿ, ಜಡೆ ಹೆಣೆದು ಭುಜದ ಮೇಲೆ ಹಾಕಿದೆ. ಅಷ್ಟರಲ್ಲಿ ನರ್ಸ್ ಬಂದು ಹೊರಗೆ ಹೋಗಲು ಹೇಳಿದಳು.

ಬೆಳಿಗ್ಗೆ ಗಿರಿಜಕ್ಕ ಮತ್ತು ನಾನು ಆಪರೇಷನ್ ಥಿಯೇಟರಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದೆವು. ಗಿರಿಜಕ್ಕನ ಮಡಿಲಲ್ಲಿ ಫ್ಲಾಸ್ಕ್ ಇತ್ತು. ಎಚ್ಚರವಾದ ಕೂಡಲೇ ತಂಗಿಗೆ ಗಂಜಿ ಕೊಡಬಹುದೆಂದು ಯಾರೋ ಹೇಳಿದ್ದರಂತೆ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು.

ಕೊನೆಗೆ ಡಾಕ್ಟರು ಬಂದರು. ಎಳೆಯ ವಯಸ್ಸಿನ, ಉತ್ತರ ಭಾರತದ ಕಡೆಯ ಹುಡುಗ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಮಾತಾಡಿದರು. ಬಹಳ ಮೃದುವಾಗಿ, ಬಹಳ ಉದ್ದವಾಗಿ. ದುರದೃಷ್ಟವಶಾತ್ ಎಂದರು, ಸಾಧ್ಯವಾದ ಪ್ರಯತ್ನವನ್ನೆಲ್ಲ ಮಾಡಲಾಯಿತು ಎಂದರು, ಹೃದಯ ಸ್ಪಂದಿಸಲಿಲ್ಲ ಎಂದರು. ಸಾವು ಎಂಬ ಪದ ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ. ಅವರ ಕಣ್ಣಲ್ಲೂ ನೀರಿತ್ತು. ತಲೆ ಬಗ್ಗಿಸಿ ಒಳಗೆ ಹೋದರು.

ಗಿರಿಜಕ್ಕ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಏನಂದ್ರವ್ವಾ? ಯಾವಾಗ ವಾರ್ಡಿಗೆ ಕರ್ಕಂಡು ಬರ್ತಾರಂತೆ?"

ಆ ಕಾರಿಡಾರಿನಲ್ಲಿ ಅದು ನನ್ನೊಬ್ಬಳಿಗೇ ಗೊತ್ತಿತ್ತು. ಸ್ವಲ್ಪ ಸೀರಿಯಸ್ ಅಂತೆ ಎಂದುಬಿಡೋಣ ಅನ್ನಿಸಿತು. ಇನ್ನೂ ಏನೋ ಮಾಡ್ತಿದ್ದಾರಂತೆ ಎನ್ನಬಹುದಿತ್ತು. ನೆಂಟರು ಯಾರಾದರೂ ಬರುವ ತನಕ ಆಸ್ಪತ್ರೆಯವರ ಹಾಗೆ ಉದ್ದುದ್ದ ಮಾತಾಡಿ ಹೊತ್ತು ತಳ್ಳಬಹುದಿತ್ತು. ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. ಕುರ್ಚಿಯಿಂದ ಇಳಿದು ಅವರೆದುರು ನೆಲದ ಮೇಲೆ ಕೂತೆ. ಫ್ಲಾಸ್ಕ್ ತೆಗೆದು ಪಕ್ಕಕ್ಕಿಟ್ಟು ಅವರ ಎರಡೂ ಕೈ ಹಿಡಿದುಕೊಂಡೆ.

"ಅಕ್ಕಾರೆ, ಮೇಡಂ ತೀರ್ಕೊಂಡ್ರು."

ಗಿರಿಜಕ್ಕ ಅಳಲಿಲ್ಲ. ಸರಿಯಾಗಿ ಕೇಳಿಸದವರಂತೆ ಮುಖವನ್ನು ನನ್ನ ಹತ್ತಿರ ತಂದರು.

"ಇನ್ನೊಂದ್ಸಲ ಹೇಳವ್ವಾ" ಎಂದರು.

ಹೇಳಿದೆ.